ನಯವಾದ ಚುಕ್ಕೆ

ಲಿಫ್ಟಿನಲ್ಲಿ ಜೊತೆಗಿದ್ದ ಮುದುಕಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ನೆಗಡಿ ಇದ್ದೀತು, ಗುಜರಾತಿನ ಬೋಪಾಲ್ ಬಡಾವಣೆಯ ಈ ಹೊಸ ಕಟ್ಟಡಗಳ ನಡುವೆ ಚಳಿಗಾಲವಿಡೀ ಸಿಮೆಂಟಿನ ಧೂಳು ಏಳುತ್ತಿರುತ್ತದೆ, ಯಾರ ಮೂಗೂ ನೆಟ್ಟಗಿರುವುದಿಲ್ಲ. ಆದರೂ ಶ್ರೀಪಾದನ ಕೈ ತಾನಾಗಿ ಅಂಗಿಯ ಕಾಲರಿಗೆ ಹೋಯಿತು. ಎತ್ತಿ ಮೂಸಿ ನೋಡಬೇಕೆನಿಸಿತು. ಮೂಸಿದರೆ ಸಿಕ್ಕಿಬಿದ್ದಂತೆ ಎಂದು ಕೈ ಇಳಿಸಿದ. ಕೋಳಿಯ ರೋಗಕ್ಕೆ ಲಸಿಕೆ ಮಾಡುವ ಕಂಪನಿಯಲ್ಲಿ ಅವನ ಕೆಲಸವೆಲ್ಲ ಗಾಜಿನ ತಟ್ಟೆಗಳ ಜೊತೆ. ಜೀವಂತ ಕೋಳಿಯೊಂದನ್ನು ಹತ್ತಿರದಿಂದ ಕಂಡು ತಿಂಗಳುಗಳೇ ಆಗಿದ್ದವು. “ಜೈ ಜಿನೇಂದ್ರ, ಬಾ,” ಎಂದ, ಇಲ್ಲಿಯವರು ಹಿರಿಯ ಹೆಂಗಸರನ್ನು ಕರೆಯುವಂತೆ. ಮುದುಕಿ ಸೆರಗು ತೆಗೆದು ನಕ್ಕಳು. “ಜೈ ಜಿನೇಂದ್ರ, ಭಾಯಿ. ಉತ್ತರಾಯಣದ ಮರುದಿನವೂ ಕೆಲಸವೇ? ನಿಮ್ಮ ಫಾರ್ಮಾದವರಿಗೆ ದೇವರೂ ಇಲ್ಲ, ಗಾಳಿಪಟವೂ ಇಲ್ಲ!” ಫಾರ್ಮಾ ಎಂಬ ಮಾತು ಮೊದಲು ಹೊರಟದ್ದು ಹೆಂಡತಿ ಇಂದುಮತಿಯ ಬಾಯಿಂದ. ಮನೆ ಕೇಳಲು ಬಂದ ದಿನ ಈ ಜೈನರ ಸೊಸೈಟಿಯ ಸೆಕ್ರೆಟರಿ ಈರುಳ್ಳಿ ತಿನ್ನುವುದುಂಟೋ ಎಂಬಲ್ಲಿಂದ ತೊಡಗಿ, ಕೊನೆಗೆ ಕೆಲಸವೇನೆಂದು ಕೇಳಿದ್ದ. ಶ್ರೀಪಾದ ಬಾಯಿ ತೆರೆಯುವ ಮೊದಲೇ ಹೆಂಡತಿ “ಫಾರ್ಮಾ” ಎಂದುಬಿಟ್ಟಳು. ಅದು ಸುಳ್ಳೂ ಅಲ್ಲ, ಪೂರಾ ನಿಜವೂ ಅಲ್ಲ. ಅಂದಿನಿಂದ ಅವನ ಅಂಗಿಗಳು ಬೇರೆ ಬಕೆಟ್ಟಿನಲ್ಲಿ ನೆನೆಯುತ್ತವೆ. ಗೇಟಿನ ಬಳಿ ತಂತಿಗೆ ಸಿಕ್ಕಿದ ಹರಿದ ಪಟಗಳು ತಲೆಕೆಳಗಾಗಿ ತೂಗುತ್ತಿದ್ದವು. ಮುದುಕಿ ದೇರಾಸರದ, ಅವರ ಬಸದಿಯ, ದಾರಿ ಹಿಡಿದಳು. ಅವಳು ಮರೆಯಾದ ಮೇಲೆ ಅವನು ಕಾಲರನ್ನು ಎತ್ತಿ ಮೂಸಿದ. ಸೋಪಿನ ವಾಸನೆಯಲ್ಲದೆ ಬೇರೇನೂ ಇರಲಿಲ್ಲ.

ಹಿಂದಿನ ಸಂಜೆ ಇದೇ ಕಟ್ಟಡದ ಟೆರೇಸಿನ ಮೇಲೆ, ಅಕ್ಕಪಕ್ಕದವರೆಲ್ಲ ದಾರ ಎಳೆದು ಕಿರುಚುತ್ತಿದ್ದಾಗ, ಅರ್ಪಿತಾಳ ಫೋನು ಬಂದಿತ್ತು. ಅರ್ಪಿತಾ ಅವನ ಕೈಕೆಳಗೆ ಕೆಲಸಕ್ಕಿರುವ ಹುಡುಗಿ, ದಾವಣಗೆರೆಯವಳು. ಹಬ್ಬದ ದಿನವೂ ವಡೋದರಾದ ಪ್ರಯೋಗಾಲಯದಲ್ಲಿ ಫಲಿತಾಂಶಕ್ಕೆ ಕಾದು ಕುಳಿತಿದ್ದಳು. “ಸರ್, ಸೂರತ್ ಸ್ಯಾಂಪಲ್ ರಿಸಲ್ಟ್ ಬಂತು. ಲಿಂಗರಾಜ ಅವರ ಫಾರ್ಮಿನ ಸತ್ತ ಕೋಳಿದು. ಹೊರಗಿನ ರೋಗ ಅಲ್ಲ ಸರ್. ನಮ್ದೇ.” ಅವನು ಕೇಳಿಸದವನಂತೆ, “ನಮ್ದೇ ಅಂದ್ರೆ?” ಎಂದ. “ನಮ್ಮ ವ್ಯಾಕ್ಸಿನ್ನೇ ಸರ್. ಉಳಿದದ್ದೆಲ್ಲ ಮ್ಯಾಚ್ ಆಗತ್ತೆ. ಒಂದೇ ಒಂದು ಅಕ್ಷರ ವಾಪಸ್ ತಿರುಗಿದೆ, ಆ ಸಕ್ಕರೆ ಜೀನಲ್ಲಿ.” ಕೆಳಗೆ ಹೋಗಿ ಮಾತಾಡುತ್ತೇನೆ ಎಂದವನು ಕೆಳಗಿಳಿಯಲಿಲ್ಲ. ಕೋಳಿಗೆ ಟೈಫಾಯ್ಡ್ ತರುವ ಜೀವಾಣುವಿನ ಮೈಮೇಲೆ ಸಕ್ಕರೆಯ ಸರಪಣಿಗಳ ಹೊದಿಕೆಯಿರುತ್ತದೆ. ಅದಿದ್ದರೆ ಜೀವಾಣು ಕೋಳಿಯ ರಕ್ತದಲ್ಲಿ ಬದುಕಿ, ಯಕೃತ್ತನ್ನು ಊದಿಸಿ ಹಸಿರುಗಟ್ಟಿಸಿ ಕೊಲ್ಲುತ್ತದೆ. ಐವತ್ತು ಲಕ್ಷಕ್ಕೆ ತುಸು ಕಡಿಮೆ ಅಕ್ಷರಗಳ ಅದರ ಬರಹದಲ್ಲಿ ಒಂದೇ ಒಂದು ಬದಲಾಗಿ ಹೊದಿಕೆ ನೆಯ್ಯುವುದು ಅರ್ಧಕ್ಕೆ ನಿಂತ ತಳಿಯೇ ಲಸಿಕೆ. ಅದು ಕೊಲ್ಲಲಾರದು, ತನ್ನ ಗುರುತನ್ನಷ್ಟೇ ಕೋಳಿಯ ಮೈಗೆ ಕಲಿಸಿ ತಾನು ಸಾಯುತ್ತದೆ. ಅದೇ ಅಕ್ಷರ ಮೊದಲಿನಂತಾದರೆ ಹೊದಿಕೆ ಮರಳುತ್ತದೆ, ಹೊದಿಕೆಯೊಡನೆ ಕೊಲ್ಲುವ ಶಕ್ತಿಯೂ. ಕೋಟಿಗೊಂದರಂತೆ ನಡೆಯುವ ಸಂಗತಿ. ಕೋಟಿಗಟ್ಟಲೆ ಇರುವಲ್ಲಿ ನಡೆದೇ ನಡೆಯುವ ಸಂಗತಿ. ಅದು ಪ್ರಕೃತಿಯ ಲೆಕ್ಕ, ಅದರಲ್ಲಿ ಯಾರೂ ನಾಚಬೇಕಾದ್ದಿಲ್ಲ. ಅವನು ನಾಚಬೇಕಾದ್ದು ಬೇರೆ ಇತ್ತು.

ವಡೋದರಾದ ರೈಲಿನಲ್ಲಿ ದಿನವೂ ಬರುವ ಪಾಸಿನವರ ಗುಂಪು ಇರಲಿಲ್ಲ. ಖಾಲಿ ಸೀಟಿನಲ್ಲಿ ಕುಳಿತವನಿಗೆ ಆ ತಟ್ಟೆ ಮತ್ತೆ ಕಣ್ಣಮುಂದೆ ಬಂತು. ಹೆಪ್ಪುಗಟ್ಟಿಸಿಟ್ಟ ಮೂಲದಿಂದ ಲಸಿಕೆಯ ಹೊಸ ಬೀಜ, ಎಂದರೆ ಮುಂದಿನ ಶೀಶೆಗಳನ್ನೆಲ್ಲ ತುಂಬುವ ತಾಯಿತಳಿ, ಎಬ್ಬಿಸುವ ದಿನ ಅದು. ತಟ್ಟೆಯ ತುಂಬ ಚುಕ್ಕೆಗಳು, ಒಂದೊಂದು ಚುಕ್ಕೆಯೂ ಒಂದೊಂದು ಜೀವಾಣುವಿನ ಸಂತಾನ. ಲಸಿಕೆಯ ತಳಿಯದು ಚೆಂದವಿಲ್ಲದ ಚುಕ್ಕೆ: ಮಂಕು ಬಣ್ಣ, ಹರಿದ ಅಂಚು, ಒರಟು ಮೈ. ಅಂಥವುಗಳ ನಡುವೆ ಒಂದು ಮಾತ್ರ ದುಂಡಗೆ, ನಯವಾಗಿ, ಬೆಳಕಿಗೆ ಹಿಡಿದರೆ ಹೊಳೆಯುತ್ತ ಕುಳಿತಿತ್ತು. ಅವನು ಅದನ್ನೇ ಆರಿಸಿದ. ಯೋಚಿಸಿ ಆರಿಸಿದ್ದಲ್ಲ, ಕೈ ಹೋಯಿತು. ಓದುವ ಕಾಲದಲ್ಲಿ ಮೇಷ್ಟರು ಬೆನ್ನ ಹಿಂದೆ ನಿಂತು, “ದುಂಡಗಿರೋದನ್ನ ಎತ್ತೋ ಶ್ರೀಪಾದ, ಹೊಳೆಯೋದನ್ನ ಎತ್ತು, ಅಂಚು ಹರಿದಿರೋದು ಕಲಬೆರಕೆ,” ಎಂದು ಹೇಳಿಕೊಟ್ಟದ್ದು ಕೈಯಲ್ಲಿ ಕುಳಿತುಬಿಟ್ಟಿತ್ತು. ಉಳಿದೆಲ್ಲ ಜೀವಾಣುಗಳ ಮಟ್ಟಿಗೆ ಆ ಪಾಠ ಸರಿ. ಇದೊಂದರ ಮಟ್ಟಿಗೆ ತಿರುಗುಮುರುಗು. ಇದು ತಿಳಿಯದವನೇ ಅವನು? ಇತರರಿಗೆ ಇದನ್ನೇ ಪಾಠ ಮಾಡಿದವನು. ಆದರೆ ಆ ಬೆಳಿಗ್ಗೆ ತಿಳಿವಳಿಕೆ ಒಂದು ಕಡೆ ನಿಂತಿತು, ರುಚಿ ಇನ್ನೊಂದು ಕಡೆ; ಕೈ ರುಚಿಯ ಹಿಂದೆ ಹೋಯಿತು. ಆ ರುಚಿ ಹಳೆಯದು: ಕಾಪಿಪುಸ್ತಕದ ದುಂಡಕ್ಷರಕ್ಕೆ ಅಪ್ಪ ಬೆನ್ನು ಚಪ್ಪರಿಸಿದ್ದು, ಸಂತೆಯಲ್ಲಿ ಅಮ್ಮ ನಿಂಬೆಹಣ್ಣನ್ನು ಹೊರಳಿಸಿ ಹೊರಳಿಸಿ ಕಲೆಯಿಲ್ಲದ್ದನ್ನೇ ಕೊಂಡದ್ದು, ಇಂದುಮತಿಗಿಂತ ಮೊದಲು ನೋಡಿದ ಆ ಹುಡುಗಿ. ಅವಳ ಕೆನ್ನೆಯಿಂದ ಕತ್ತಿನವರೆಗೆ ಸುಟ್ಟ ಗುರುತು. ಉಪ್ಪಿಟ್ಟಿನ ತಟ್ಟೆ ಇಟ್ಟು ಅವಳು ಒಳಗೆ ಹೋಗದೆ ಅಲ್ಲೇ ನಿಂತಳು, ಚೆನ್ನಾಗಿ ನೋಡಿಕೊಳ್ಳಲಿ ಎನ್ನುವಂತೆ. ಅವನು ತಟ್ಟೆಯನ್ನು ಮಾತ್ರ ನೋಡಿದ. ಉಪ್ಪಿಟ್ಟು ಚೆನ್ನಾಗಿತ್ತು, ಪೂರ ತಿಂದಿದ್ದ. ಹಾಗೆ ಪೂರ ತಿಂದು ಎದ್ದು ಬಂದದ್ದು ಎಷ್ಟೋ ವರ್ಷಗಳ ಮೇಲೆ ಆಣಂದ್ ದಾಟುವ ರೈಲಿನಲ್ಲಿ ಈಗ ಗಂಟಲಿಗೆ ಬಂತು. ಚುಕ್ಕೆ ಆರಿಸಿದ ದಿನ ಪಕ್ಕದಲ್ಲಿದ್ದ ಅರ್ಪಿತಾ, “ಸರ್, ಆ ಹಳದಿ ದ್ರವದ ಟೆಸ್ಟ್ ಒಂದು ಮಾಡಿಬಿಡ್ಲಾ?” ಎಂದಿದ್ದಳು. ಒಂದು ಹನಿಯ ಕೆಲಸ: ಒರಟು ತಳಿ ಅದರಲ್ಲಿ ಮೊಸರಿನಂತೆ ಒಡೆಯುತ್ತದೆ, ನಯವಾದದ್ದು ಒಡೆಯುವುದಿಲ್ಲ. ಅವನು ಉಳಿದವರಿಗೂ ಕೇಳುವಂತೆ ನಕ್ಕಿದ್ದ. “ನನ್ನ ಕಣ್ಣಿಗೆ ನೀನು ಟೆಸ್ಟ್ ಮಾಡ್ತೀಯೇನಮ್ಮ?” ಅವಳ ಮುಖ ಕೆಂಪಾಯಿತು. ಉಳಿದವರು ನಕ್ಕರು. ಆ ನಗು ಅವನಿಗೆ ಹಿತವಾಗಿತ್ತು.

ವಡೋದರಾದ ಗೋರ್ವಾ ಬಡಾವಣೆಯ ಪ್ರಯೋಗಾಲಯದಲ್ಲಿ ಕಂಪನಿಯ ಯಜಮಾನ ಪರಾಗ್‌ಭಾಯಿ ಹಬ್ಬದ ಚಿಕ್ಕಿಯ ಡಬ್ಬಿಯನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡು ಕಾಯುತ್ತಿದ್ದ. ಅರ್ಪಿತಾ ಹೇಳಿದ್ದನ್ನೆಲ್ಲ ಅವನೂ ಕೇಳಿಯಾಗಿತ್ತು. “ತಿನ್ನಿ, ತಿನ್ನಿ. ಶ್ರೀಪಾದ್‌ಭಾಯಿ, ಐವತ್ತು ಲಕ್ಷದಲ್ಲಿ ಒಂದು ಅಕ್ಷರ! ನನ್ನ ಮದುವೆ ಪತ್ರಿಕೆಯಲ್ಲಿ ನನ್ನ ಹೆಸರೇ ತಪ್ಪು ಅಚ್ಚಾಗಿತ್ತು. ಮದುವೆ ನಿಂತಿತೇ? ಹೆಂಡತಿ ಇನ್ನೂ ಮನೆಯಲ್ಲೇ ಇದ್ದಾಳಲ್ಲ.” ಶ್ರೀಪಾದ ನಗಲಿಲ್ಲ, ಆದರೆ ಚಿಕ್ಕಿಯ ತುಂಡನ್ನು ತೆಗೆದುಕೊಂಡ, ಬೇಡವೆನ್ನಲಾಗದೆ. “ಬೇರೆ ಎಲ್ಲಿಂದಲೂ ದೂರು ಬಂದಿಲ್ಲ,” ಎಂದು ಪರಾಗ್‌ಭಾಯಿ ದನಿ ತಗ್ಗಿಸಿದ. “ಸೂರತ್ತಿನವನೇ ಹೇಳಿದ್ದಾನೆ, ಮೊಟ್ಟೆಯ ವ್ಯಾಪಾರಿ ತಂದ ಹಳೆಯ ಟ್ರೇಗಳಿಂದ ರೋಗ ಬಂತು ಅಂತ. ಅವನ ಹೆಂಡತಿ ಒಳಗೆ ಬಿಟ್ಟಳಂತೆ. ಅವನೇ ಹೇಳಿದ್ದು, ನಾವಲ್ಲ. ನೀವೂ ಆಗ ಹೌದೆಂದಿರಿ.” ಹೌದೆಂದಿರಲಿಲ್ಲ. ಲಿಂಗರಾಜ ಫೋನಿನಲ್ಲಿ, “ಟ್ರೇದಿಂದ ಆಗಿರಬೌದೇನ್ರೀ ಸಾಹೇಬ್ರ?” ಎಂದು ಕೇಳಿದಾಗ ಶ್ರೀಪಾದ ಅಂದದ್ದು, “ಆಗಿರಬಹುದು.” ಅಂದ ಗಳಿಗೆಯಲ್ಲೇ ಆ ಹೊಳೆಯುವ ಚುಕ್ಕೆ ಮನಸ್ಸಿನ ಒಂದು ಮೂಲೆಯಲ್ಲಿ ಹೊಳೆದು ಆರಿತ್ತು, ಆರಲಿ ಎಂದು ಅವನು ಬಿಟ್ಟಿದ್ದ. ಪರಾಗ್‌ಭಾಯಿ ಮುಂದುವರಿಸಿದ: “ಅವನ ಎರಡನೇ ಶೆಡ್ಡಿನ ಮರಿಗಳಿಗೆ ಇವತ್ತು ಚುಚ್ಚುವ ದಿನ. ನಾವೇ ಹಿಂದೆ ಸರಿದರೆ ಯಾಕೆಂದು ಕೇಳುತ್ತಾನೆ. ಹೊಸ ಶೀಶೆಗಳನ್ನು ಹಬ್ಬದ ಉಡುಗೊರೆಯಾಗಿ ಒಯ್ದು ಕೊಡಿ. ನಿಮ್ಮ ನಾಡಿನವನು, ನಿಮ್ಮನ್ನು ನಂಬುತ್ತಾನೆ. ಮುಂದಿನ ಬ್ಯಾಚಿಗೆ ಸದ್ದಿಲ್ಲದೆ ಬೀಜ ಬದಲಾಯಿಸೋಣ.” ಹೊಸ ಶೀಶೆಗಳೂ ಅದೇ ಬೀಜದವು. ಶ್ರೀಪಾದನಿಗೆ ಗೊತ್ತಿತ್ತು, ಪರಾಗ್‌ಭಾಯಿಗೂ ಗೊತ್ತಿತ್ತು, ಇಬ್ಬರೂ ಚಿಕ್ಕಿಯನ್ನು ಜಗಿದರು. ಬಾಯಲ್ಲಿ ಬೆಲ್ಲ ಅಂಟಿಕೊಂಡಿದ್ದುದರಿಂದ ತಾನು ಮಾತಾಡಲಿಲ್ಲವೆಂದು ಮೆಟ್ಟಿಲಿಳಿಯುವಾಗ ಹೇಳಿಕೊಂಡ. ಎಂಥ ನೆಪ! ಹೊರಬಾಗಿಲಲ್ಲಿ ಅರ್ಪಿತಾ ನಿಂತಿದ್ದಳು. ಅವನ ಕೈಯಲ್ಲಿದ್ದ, ಹೊಸ ಶೀಶೆ ತುಂಬಿದ ಐಸ್ ಡಬ್ಬವನ್ನು ನೋಡಿದಳು. “ಸರ್, ಅದರಲ್ಲಿ...?” “ಅವರ ಹತ್ತಿರ ಉಳಿದದ್ದನ್ನ ವಾಪಸ್ ತರಬೇಕಲ್ಲ,” ಎಂದ ಶ್ರೀಪಾದ. ಅಷ್ಟು ಸಲೀಸಾಗಿ ಬಾಯಿಗೆ ಬಂತು. ಅವಳ ಮುಖ ಬಿಚ್ಚಿಕೊಂಡಿತು. “ಅಯ್ಯೋ, ನಾನು ಏನೇನೋ ಅಂದ್ಕೊಂಡೆ. ಸಾರಿ ಸರ್,” ಎಂದಳು. ಡಬ್ಬ ಖಾಲಿಯಿರುವಂತೆ ತೋರಲು ಅವನು ಅದನ್ನು ಒಂದೇ ಬೆರಳಿನಲ್ಲಿ ತೂಗಿಸಿಕೊಂಡು ಆಟೋ ಹತ್ತಿದ. ಬೆರಳು ಕತ್ತರಿಸಿಹೋಗುವಷ್ಟು ಭಾರವಿತ್ತು.

ಸೂರತ್ತಿನ ರೈಲಿನಲ್ಲಿ ಡಬ್ಬವನ್ನು ಮೇಲಿಡಲು ಜಾಗವಿರಲಿಲ್ಲ. ತೊಡೆಯ ಮೇಲಿಟ್ಟುಕೊಂಡ, ತಣ್ಣನೆಯ ತಳ ಪ್ಯಾಂಟನ್ನು ತೋಯಿಸಿತು. ಎದುರಿಗೆ ಕುಳಿತ ಹೆಂಗಸು ಥೇಪ್ಲಾ ರೊಟ್ಟಿಯ ಪೊಟ್ಟಣ ಬಿಚ್ಚಿ ಅವನಿಗೂ ಒಂದು ನೀಡಿ, ಒಳಗೇನೆಂದು ಕೇಳಿದಳು. “ದವಾ,” ಎಂದ. “ಚುಚ್ಚುವುದೇ? ಮಕ್ಕಳಿಗೇ?” ಅವನ ತಲೆ ಹೌದೆಂದು ಆಡಿತು. ಹೆಂಗಸು ತನ್ನ ಚೀಲವನ್ನು ಸೀಟಿನಿಂದ ಇಳಿಸಿ, “ಇಲ್ಲಿಡಿ ಭಾಯಿ, ಮಕ್ಕಳ ಔಷಧಿ, ತೊಡೆಯ ಬಿಸಿಗೆ ಕೆಟ್ಟೀತು,” ಎಂದು ಜಾಗ ಮಾಡಿಕೊಟ್ಟಳು. ಭರೂಚಿನ ಸೇತುವೆಯ ಮೇಲೆ ಅವಳು ನರ್ಮದೆಗೆ ಕೈಮುಗಿದಾಗ ಅವನೂ ಮುಗಿದ, ಅವಳು ನೋಡುತ್ತಿದ್ದಳೆಂದು. ಡಬ್ಬವನ್ನು ಕಿಟಕಿಯಿಂದ ನೀರಿಗೆ ಎಸೆದರೆ? ಜೀವಂತ ರೋಗವನ್ನು ನದಿಗೆ ಎಸೆಯುವವನಾಗುತ್ತಾನೆ. ಮರೆತವನಂತೆ ಸೀಟಿನ ಮೇಲೆ ಬಿಟ್ಟು ಇಳಿದರೆ? ಹೆಂಗಸು ಕೂಗಿ ಕರೆದು ಕೈಗಿಡುತ್ತಾಳೆ. ಹೇಳಿಬಿಟ್ಟರೆ? ಆ ಮೂರನೆಯ ದಾರಿಯ ಹತ್ತಿರಕ್ಕೆ ಹೋದಾಗಲೆಲ್ಲ ಲಿಂಗರಾಜನ ಮುಖ ಎದುರಾಗುತ್ತಿತ್ತು.

ಲಿಂಗರಾಜ ಹಾವೇರಿಯ ಕಡೆಯವನು. ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರನಾಗಿ ಗುಜರಾತಿಗೆ ಬಂದು, ನಿವೃತ್ತನಾದ ಮೇಲೆ ಸೂರತ್ತಿನಾಚೆ ಕಾಮ್ರೇಜಿನ ಕಬ್ಬಿನ ಗದ್ದೆಗಳ ನಡುವೆ ಮೊಟ್ಟೆಯ ಕೋಳಿ ಸಾಕಿದ್ದ. ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಪರಿಚಯ. ಮೊದಲ ಸಲ ಅವನ ಫಾರ್ಮಿಗೆ ಹೋದಾಗ ಅಲ್ಲಿ ಉಣ್ಣಲು ಮನಸ್ಸಾಗದೆ, ಇವತ್ತು ಒಪ್ಪತ್ತು ಎಂದು ಸುಳ್ಳು ಹೇಳಿದ್ದ. ಲಿಂಗರಾಜನ ಹೆಂಡತಿ ತುಂಗಾ ಬಾಳೆಹಣ್ಣು ಸುಲಿದಿಡುತ್ತ, “ನಮ್ಮನ್ಯಾಗ ತತ್ತಿ ಒಲಿ ಹತ್ತಂಗಿಲ್ರೀ. ಲಿಂಗಾ ಕಟ್ಟಿದ ಮಂದಿ ನಾವು. ಕೋಳಿ ಸಾಕತೀವಿ, ತಿನ್ನಂಗಿಲ್ಲ,” ಎಂದಿದ್ದಳು, ಅವನ ಸುಳ್ಳನ್ನು ಕಂಡೂ ಕಾಣದವಳಂತೆ. ಈಗ ಸ್ಟೇಷನ್ನಿನ ಹೊರಗೆ ಲಿಂಗರಾಜ ಕಾರಿನ ಬಾಗಿಲು ತೆರೆದು ನಿಂತಿದ್ದ; ಕೆಲವೇ ವಾರಗಳಲ್ಲಿ ಕೊರಳು ಸಣ್ಣದಾಗಿ ಅಂಗಿಯ ಕಾಲರು ಸಡಿಲವಾಗಿತ್ತು. “ಬರ್ರಿ ಸಾಹೇಬ್ರ. ಹಬ್ಬದಾಗ ನಿಮಗ ತ್ರಾಸ ಕೊಟ್ಟೆ. ಏ, ಆ ಡಬ್ಬಿ ಇಲ್ಲಿ ತರ್ರಿ, ನೀವ್ಯಾಕ ಹೊರತೀರಿ!” ಎಂದು ಡಬ್ಬವನ್ನು ಎರಡೂ ಕೈಯಿಂದ, ಪ್ರಸಾದದಂತೆ ತೆಗೆದುಕೊಂಡ. ದಾರಿಯುದ್ದಕ್ಕೂ ಅವನೇ ಮಾತಾಡಿದ. ಮೊದಲನೆಯ ಶೆಡ್ಡಿನಲ್ಲಿ ಒಂದೂ ಉಳಿಯಲಿಲ್ಲ. ಜುಟ್ಟು ಬೆಳ್ಳಗಾಗಿ, ರೆಕ್ಕೆ ಜೋತುಬಿದ್ದು, ಹಳದಿಯಾಗಿ ಹೇತು ಸತ್ತವು. ಹೂಳಲು ತೋಡಿದ ಗುಂಡಿ ಸಾಲದೆ ಇನ್ನೊಂದು ತೋಡಿದರು. “ಎಲ್ಲಾ ನಮ್ಮಾಕಿ ಪುಣ್ಯ. ಟ್ರೇ ಒಳಗ ಬಿಡಬ್ಯಾಡ ಅಂತ ಸಾವಿರ ಸಲ ಹೇಳೀನಿ. ಪಾಪ, ಅಕಾಲ ಮಳಿ ಬರಾಕತ್ತಿತ್ತು, ಟ್ರೇ ತಂದ ಹುಡುಗ ತೋಯ್ತಾನ ಅಂತ ಬಿಟ್ಲಂತ. ಅಂವ ತೋಯಲಿಲ್ಲ. ನಾವು ಮುಳುಗಿದ್ವಿ.” ಶ್ರೀಪಾದ ಗಾಜಿನಾಚೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳನ್ನು ನೋಡಿದ. “ಅವರನ್ನ ಏನೂ ಅನ್ನಬೇಡಿ,” ಎಂದ. “ಅನ್ನಂಗಿಲ್ರೀ. ಅಂದು ಮುಗದೈತಿ. ಈಗ ಮಾತೇ ಬಿಟ್ಟೀನಿ.”

ಫಾರ್ಮಿನಲ್ಲಿ ಮೊದಲನೆಯ ಶೆಡ್ಡು ಸುಣ್ಣ ಬಳಿಸಿಕೊಂಡು ಬಾಯಿ ತೆರೆದು ನಿಂತಿತ್ತು. ಎರಡನೆಯದರಿಂದ ಎಳೆಯ ಕೋಳಿಗಳ ಸದ್ದು, ದೂರದ ಮಳೆಯಂತೆ ಎಡೆಬಿಡದೆ ಬರುತ್ತಿತ್ತು. ತುಂಗಾ ಬಾಗಿಲಿಗೆ ಬಂದು ಡಬ್ಬವನ್ನು ಗಂಡನ ಕೈಯಿಂದ ತೆಗೆದುಕೊಂಡು, ಶೀಶೆಗಳನ್ನು ಫ್ರಿಜ್ಜಿನಲ್ಲಿಡಲು ಒಳಗೆ ಹೋದಳು. ಗಂಡಹೆಂಡಿರ ಕಣ್ಣು ಕೂಡಲಿಲ್ಲ. ಶ್ರೀಪಾದನಿಗೆ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಈ ಸಲ ಅವನು ಒಪ್ಪತ್ತು ಎನ್ನಲಿಲ್ಲ, ಕಣ್ಣು ತಗ್ಗಿಸಿ ತಿಂದ. ಬಡಿಸುವವಳು ತನಗೆಂದು ತಟ್ಟೆ ಇಟ್ಟುಕೊಂಡಿರಲಿಲ್ಲ. “ತುಂಗಕ್ಕ, ನೀವೂ ಕೂತ್ಕೊಳ್ಳಿ,” ಎಂದ. “ಹಸಿವಿಲ್ರೀ,” ಎಂದಳು. “ಅಷ್ಟು ಜೀವ ತಿಂದ ಕೈಯಿದು. ಇನ್ನ ರೊಟ್ಟಿ ಯಾಕ?” ಗೋಡೆಯ ಕಡೆಗೆ ತಿರುಗಿ, ಹೆಚ್ಚು ದುಃಖವೂ ಇಲ್ಲದೆ, ಲೆಕ್ಕ ಒಪ್ಪಿಸುವವಳಂತೆ ಹೇಳಿದಳು. ಶ್ರೀಪಾದನ ಬಾಯಲ್ಲಿ ರೊಟ್ಟಿ ಉಳಿಯಿತು. ಈಗ ಹೇಳಬೇಕು. ರೊಟ್ಟಿ ನುಂಗಿ ಹೇಳಬೇಕು. ನುಂಗಿದ. ಅಷ್ಟರಲ್ಲಿ ಲಿಂಗರಾಜ ಹೊರಗಿನಿಂದ ಕೂಗಿದ: “ಸಾಹೇಬ್ರ, ಹೆಣ್ಣುಮಕ್ಕಳು ಬಂದಾರ, ಹೊತ್ತು ಏರಿತು. ಚಾಲೂ ಮಾಡೂಣ?”

ಕೋಳಿ ಹಿಡಿದುಕೊಡುವ ಹೆಂಗಸರು ಮೂಗಿಗೆ ಬಟ್ಟೆ ಕಟ್ಟಿ ಸಾಲಾಗಿ ಕುಳಿತಿದ್ದರು. ಲಿಂಗರಾಜ ಸಿರಿಂಜನ್ನೂ ಶೀಶೆಯನ್ನೂ ಒಂದು ಸ್ಟೀಲಿನ ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಒಂದು ಚಿಟಿಕೆ ವಿಭೂತಿಯನ್ನೂ ಇಟ್ಟುಕೊಂಡು ಬಂದ. “ಮೊದಲನೇದ್ದು ನಿಮ್ಮ ಕೈಲೆ ಆಗಬೇಕು. ಹ್ವಾದ ಸಲ ನಾನ ಮಾಡಿದ್ದೆ, ನನ್ನ ಕೈಗುಣ ನೋಡಿದ್ರೆಲ್ಲ!” ಎಂದು ತಾನೇ ನಕ್ಕು, ನಗು ಹತ್ತದೆ ನಿಲ್ಲಿಸಿದ. ಒಬ್ಬ ಹೆಂಗಸು ಕೋಳಿಯೊಂದನ್ನು ಅವನ ಮುಂದೆ ಹಿಡಿದಳು. ಅಷ್ಟು ಹತ್ತಿರದಿಂದ ಅವನು ಕೋಳಿಯ ಕಣ್ಣನ್ನು ನೋಡಿರಲಿಲ್ಲ. ಕೆಂಪಂಚಿನ ದುಂಡು ಕಣ್ಣು, ಕೆಳಗಿನಿಂದ ಮೇಲಕ್ಕೆ ಮುಚ್ಚಿ ತೆರೆಯುತ್ತಿತ್ತು. ಗರಿಗಳ ಬುಡದಲ್ಲಿ ಜೀವದ ಬಿಸಿ ಬೆರಳಿಗೆ ತಾಗಿತು. ಶೀಶೆಯನ್ನು ಬೆಳಕಿಗೆ ಹಿಡಿದ. ಏನೂ ಕಾಣುವುದಿಲ್ಲವೆಂದು ಬಲ್ಲವನೇ ಹಿಡಿದ. ಇಲ್ಲಿ ಒಂದು ಸಣ್ಣ ಸುಳ್ಳು ಎಲ್ಲರನ್ನೂ ಉಳಿಸುತ್ತದೆಂದು ಹೊಳೆಯಿತು: ಮರಿಗಳನ್ನು, ಕಂಪನಿಯನ್ನು, ತನ್ನನ್ನು. “ಇದು ಕೆಟ್ಟಿದೆ,” ಎಂದ. ದನಿ ಸ್ಥಿರವಾಗಿಯೇ ಇತ್ತು. “ತಂಪು ಸಾಲದೆ ಹೋಗಿದೆ. ಹಾಕೋದು ಬೇಡ.” ತಾನು ಗೆದ್ದೆನೆಂಬ ಸಮಾಧಾನ ಒಂದು ಉಸಿರಿನಷ್ಟು ಹೊತ್ತು ಇತ್ತು. ಲಿಂಗರಾಜ ಮೆಲ್ಲಗೆ ಮನೆಯ ಕಡೆಗೆ ತಿರುಗಿದ. ವಾರಗಳಿಂದ ಬಿಟ್ಟಿದ್ದ ಮಾತು ಒಮ್ಮೆಗೇ ಬಂತು. “ಏ ಇಕಿನ! ಫ್ರಿಜ್ಜಿನ ಬಾಗಲಾ ಹಾಕೀಯೋ ಇಲ್ಲೋ? ಒಂದ ಶೆಡ್ ನುಂಗಿದ್ದು ಸಾಲಲಿಲ್ಲೇನು ನಿನಗ?” ಹೊಸ್ತಿಲಲ್ಲಿ ನಿಂತಿದ್ದ ತುಂಗಾ ಬಾಯಿ ತೆರೆದಳು. ಹಾಕಿದ್ದೆನೆಂದು ಅವಳಿಗೆ ಗೊತ್ತು. ಹಾಕಿದ್ದೆನೇ ಎಂಬ ಸಂಶಯ ಅವಳ ಮುಖದ ಮೇಲೆ ಎಲ್ಲರೆದುರು ಹುಟ್ಟಿ ಬೆಳೆಯುವುದನ್ನು ಶ್ರೀಪಾದ ನೋಡಿದ. ಕೊನೆಗೆ ಅವಳು, “ಹಾಕಿರಲಿಲ್ಲೇನೋ,” ಎಂದಳು.

“ಹಾಕಿದ್ದರು,” ಎಂದ ಶ್ರೀಪಾದ. “ಔಷಧಿ ಕೆಟ್ಟಿಲ್ಲ. ಅಂದರೆ... ಅದು ಕೆಟ್ಟದ್ದೇ. ಮೊದಲಿಂದ ಕೆಟ್ಟದ್ದು. ಟ್ರೇ ಅಲ್ಲ. ನಿಮ್ಮ ಕೋಳಿ ಸತ್ತದ್ದು ನಮ್ಮ ಔಷಧಿಯಿಂದ. ಅದನ್ನ ಆರಿಸಿದ್ದು ನಾನು.” ಹೆಂಗಸಿನ ಕೈಯಲ್ಲಿದ್ದ ಕೋಳಿ ಕೊಸರಿಕೊಂಡು ಹಾರಿತು. ಲಿಂಗರಾಜ ಅವನನ್ನೇ ದಿಟ್ಟಿಸಿದ. ದಿಟ್ಟಿಸುತ್ತ ಕಣ್ಣು ತುಂಬಿದವು. ಹತ್ತಿರ ಬಂದು ಶ್ರೀಪಾದನ ಎರಡೂ ಕೈ ಹಿಡಿದುಕೊಂಡ. “ನೋಡಲೇ ತುಂಗಾ, ದೊಡ್ಡ ಮನಶ್ಯಾರು ಅಂದ್ರ ಇವರು. ನಾ ಒದರಿದ್ದು ನೋಡಲಾರದ ನಿನ್ನ ತಪ್ಪು ತಮ್ಮ ತಲಿ ಮ್ಯಾಲ ಹಾಕ್ಕೊಳ್ಳಾಕತ್ತಾರ. ಬ್ಯಾಡ್ರಿ ಸಾಹೇಬ್ರ. ನಮ್ಮ ಸಲುವಾಗಿ ಸುಳ್ಳು ಹೇಳಬ್ಯಾಡ್ರಿ.”  ಇಷ್ಟು ದಿನದ ಸುಳ್ಳೆಲ್ಲ ನಿಜವೆಂದು ಸಂದಿತ್ತು. ಒಂದೇ ಒಂದು ನಿಜ ಸುಳ್ಳಾಗಿ, ಅದೂ ಪುಣ್ಯದ ಸುಳ್ಳಾಗಿ, ಹೊಗಳಿಕೆ ತಂದಿತ್ತು. ಆ ಬೆಚ್ಚನೆಯ ಕೈಗಳ ನಡುವೆ ಸುಮ್ಮನಿದ್ದುಬಿಟ್ಟರೆ ಆಯಿತು. ಹೇಳಿದಂತೆಯೂ ಆಯಿತು, ಹೇಳದಂತೆಯೂ ಆಯಿತು. ಒಂದು ಕ್ಷಣ ಸುಮ್ಮನೆ ಇದ್ದ ಕೂಡ. ಆ ಕ್ಷಣವನ್ನು ಅವನು ಮುಂದೆಂದೂ ತನಗೆ ಕ್ಷಮಿಸಿಕೊಳ್ಳಲಾರ. ತುಂಗಾ ಹೊಸ್ತಿಲಿಳಿದು ಬಂದಳು. “ಟ್ರೇ ಅಲ್ಲೇನ್ರೀ?” ಎಂದು ಕೇಳಿದಳು. “ಅಲ್ಲ.” “ಖರೇನ?” “ಖರೆ.” ಅವಳು ತಲೆಯಾಡಿಸಿದಳು. “ಹಂಗಿದ್ರ ಇವರಿಗೆ ತಿಳಿಯೂ ಹಂಗ ಹೇಳ್ರಿ. ನನಗ ಹೇಳಿದ್ರ ಏನುಪಯೋಗ?”

ಅವನು ನೆಲದ ಮೇಲೆ, ಸುಣ್ಣದ ಪುಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತ. ಸಕ್ಕರೆಯ ಹೊದಿಕೆ ಎಂದ, ಅಕ್ಷರ ಎಂದ. ಲಿಂಗರಾಜನ ಮುಖದಲ್ಲಿ ಏನೂ ಆಗಲಿಲ್ಲ, ಕರುಣೆಯಿಂದ ತಲೆದೂಗುತ್ತಿದ್ದ. ಆಗ ಶ್ರೀಪಾದ ಬೆರಳಿನಿಂದ ಸುಣ್ಣದ ಮೇಲೆ ಎರಡು ಗೆರೆ ಎಳೆದ. “ಇದು ಮೇನ್ ಲೈನು. ಇದು ಪಕ್ಕಕ್ಕೆ ಹೋಗಿ ಕೊನೆಯಾಗುವ ಸೈಡಿಂಗು. ರೋಗದ ಗಾಡಿಯನ್ನ ಸೈಡಿಂಗಿಗೆ ಹಾಕಿ ನಿಲ್ಲಿಸಿದ್ದಾರೆ. ಗಾಡಿ ಇದೆ, ಓಡಲ್ಲ. ಅದೇ ಲಸಿಕೆ. ನಡುವೆ ಹಳಿ ತಿರುಗಿಸುವ ಒಂದು ಪಾಯಿಂಟು.” ಲಿಂಗರಾಜನ ತಲೆ ಆಡುವುದು ನಿಂತಿತು. “ಪಾಯಿಂಟ್ ತಿರುಗಿತೇನು?” “ಕೋಟಿ ಗಾಡಿಯಲ್ಲಿ ಒಂದರದು ತಾನಾಗಿ ತಿರುಗುತ್ತೆ.” “ಅದನ್ನ ನೋಡಾಕ ಮನಶ್ಯಾ ಇರತಾನಲ್ಲ?” “ಇರ್ತಾನೆ. ಅದು ನಾನು. ತಿರುಗಿದ್ದನ್ನ ಬಿಸಾಕಬೇಕಿತ್ತು. ಅದೇ ಚೆನ್ನಾಗಿ ಕಾಣ್ತು ಅಂತ ಎತ್ತಿಕೊಂಡೆ. ಪರೀಕ್ಷೆ ಮಾಡ್ತೀನಿ ಅಂದವಳನ್ನ ನಕ್ಕು ಸುಮ್ಮನಿರಿಸಿದೆ. ಎಲ್ಲ ಶೀಶೆಯೂ ಅದರಿಂದಲೇ.” ಲಿಂಗರಾಜ ಗೆರೆಗಳನ್ನು ನೋಡುತ್ತಲೇ ಇದ್ದ. “ನನ್ನ ಸ್ಟೇಷನ್ನಿನ್ಯಾಗ ಹಿಂಗಾಗಿದ್ರ,” ಎಂದು ತೊಡಗಿ ಮುಗಿಸಲಿಲ್ಲ. ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದು ಶ್ರೀಪಾದ ಕಾದ; ಹೊಡೆತವಾದರೂ ಬಂದರೆ ಬಾಕಿ ಸ್ವಲ್ಪ ಇಳಿಯುತ್ತಿತ್ತು. ಲಿಂಗರಾಜ ಎದ್ದ. ಹೆಂಡತಿಯ ಕಡೆಗೆ ಎರಡು ಹೆಜ್ಜೆ ಇಟ್ಟು ನಿಂತ. ಹೆಗಲ ಮೇಲಿನ ವಸ್ತ್ರ ತೆಗೆದು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.  ಹೇಳಿದರೆ ನಾಚಿಕೆ ಕರಗೀತೆಂದು ಶ್ರೀಪಾದ ಎಲ್ಲೋ ಒಳಗೆ ನಂಬಿದ್ದ. ಅದು ಕರಗಲಿಲ್ಲ. ಇದ್ದಷ್ಟೂ ಇದ್ದು, ಇನ್ನೊಬ್ಬ ಗಂಡಸಿನ ಮೇಲೆ ಅಷ್ಟೇ ಭಾರ ಬಿದ್ದಿತ್ತು.

ತುಂಗಾ ಇಬ್ಬರನ್ನೂ ನೋಡಲಿಲ್ಲ. ಕೆಲಸದ ಹೆಂಗಸರಿಗೆ ಮನೆಗೆ ಹೋಗಲು ಗುಜರಾತಿಯಲ್ಲಿ ಹೇಳಿ, ತಟ್ಟೆಯಲ್ಲಿದ್ದ ಶೀಶೆಯನ್ನು ಸೆರಗಿನ ತುದಿಯಿಂದ ಹಿಡಿದು ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದಳು. ಹಾರಿಹೋಗಿದ್ದ ಕೋಳಿಯನ್ನು ಮೂಲೆಗೆ ಅಟ್ಟಿ ಹಿಡಿದು, ಕಂಕುಳಲ್ಲಿ ಇರುಕಿಕೊಂಡು ಶ್ರೀಪಾದನ ಮುಂದೆ ಬಂದು ನಿಂತಳು. “ಇದನ್ನ ಇನ್ನ ಯಾರ್ಯಾರಿಗೆ ಕೊಟ್ಟೀರಿ?” ಎಂದು ಕೇಳಿದಳು.  ಶ್ರೀಪಾದನಿಗೆ ಗೊತ್ತಿತ್ತು: ಆಣಂದದ ಕಡೆಗೆ, ಭರೂಚಿನಾಚೆ ಹೋಗಿತ್ತು. ಬೆಳಿಗ್ಗೆಯಿಂದ ಆ ಊರುಗಳನ್ನೆಲ್ಲ ದಾಟಿಯೇ ಬಂದಿದ್ದ, ತನ್ನ ಕಾಲರನ್ನು, ತನ್ನ ಕೈಯನ್ನು, ತನ್ನ ಮೇಷ್ಟರನ್ನು ನೆನೆಯುತ್ತ. ಕಿಟಕಿಯಾಚೆ ಎಲ್ಲೋ ಒಂದು ಶೆಡ್ಡಿನಲ್ಲಿ ಇನ್ನೊಬ್ಬ ಲಿಂಗರಾಜ ಇನ್ನೊಬ್ಬ ತುಂಗೆಯನ್ನು ಬೈಯುತ್ತಿರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅಷ್ಟೆಲ್ಲ ನಾಚಿದ್ದನಲ್ಲ, ಆ ನಾಚಿಕೆಯೊಳಗೆ ಅವನೊಬ್ಬನೇ ಇದ್ದ.

ಫೋನು ತೆಗೆದ. ಬೆರಳು ತೇವವಾಗಿ ಮೊದಲ ಸಲ ಒತ್ತಿದ್ದು ಹತ್ತಲಿಲ್ಲ. ತುಂಗಾ ಕದಲಲಿಲ್ಲ, ಆಗಲಿ ಎನ್ನುವಂತೆ ನಿಂತಳು. ಅರ್ಪಿತಾಳ ದನಿ ಬಂದೊಡನೆ ಅವನು ಒಂದೇ ಉಸಿರಿನಲ್ಲಿ ಹೇಳಿದ: “ಅರ್ಪಿತಾ, ಈ ಬ್ಯಾಚು ಹೋದ ಕಡೆಗೆಲ್ಲ ಈಗಲೇ ಫೋನ್ ಮಾಡು. ಹಾಕಬೇಡಿ ಅನ್ನು. ಪರಾಗ್‌ಭಾಯಿ ಕೇಳಿದರೆ ನಾನು ಹೇಳಿದೆ ಅನ್ನು. ನನ್ನ ಹೆಸರು ಹೇಳು.” ಆ ಕಡೆ ಮೇಜಿನ ಮೇಲೆ ಏನನ್ನೋ ಇಟ್ಟ ಸದ್ದು. “ಮಾಡಿದೀನಿ ಸರ್,” ಎಂದಳು ಮೆಲ್ಲಗೆ. “ಬೆಳಿಗ್ಗೆ ನೀವು ಹೊರಟ್ರಲ್ಲ, ಆವಾಗ್ಲೇ ಎಲ್ಲರಿಗೂ ಮಾಡಿಬಿಟ್ಟೆ. ಪರಾಗ್‌ಭಾಯಿಗೆ ಗೊತ್ತಾಯ್ತು. ನಾಳೆಯಿಂದ ಬರಬೇಡ ಅಂದ್ರು. ನಿಮ್ಮನ್ನ ಕೇಳದೆ ಮಾಡಿದೆ, ಸಾರಿ ಸರ್.” ಶ್ರೀಪಾದ ಕೇಳಿದ: “ಇಲ್ಲಿಗೆ ಮಾಡಲಿಲ್ಲ?” “ಲಿಂಗರಾಜ ಅವರಿಗಾ? ಇಲ್ಲ ಸರ್. ಅಲ್ಲಿಗೆ ನೀವೇ ಹೋಗ್ತಿದ್ರಲ್ಲ.”

ಅವನು ಫೋನನ್ನು ಕಿವಿಯಿಂದ ಇಳಿಸಿದ. ಆಚೆ ಅವಳಿನ್ನೂ ಏನೋ ಹೇಳುತ್ತಿದ್ದಳು. “ಏನಂದಳ್ರೀ ಆಕಿ?” ಎಂದಳು ತುಂಗಾ.

“ಎಲ್ಲರಿಗೂ ತಿಳಿಸಿಬಿಟ್ಟಿದ್ದಾಳೆ. ಇದೊಂದು ಮನೆ ಬಿಟ್ಟು.”

“ಇದೊಂದ ಯಾಕ ಬಿಟ್ಟಳು?”

ಅವಳ ಕಂಕುಳಲ್ಲಿದ್ದ ಕೋಳಿ ಸದ್ದಿಲ್ಲದೆ ಅವನನ್ನು ನೋಡುತ್ತಿತ್ತು. ಲಿಂಗರಾಜನೂ ತಲೆಯೆತ್ತಿ ಈ ಕಡೆ ತಿರುಗಿದ್ದ.

“ನಾನು ಬರ್ತಿದ್ದೀನಿ ಅಂತ,” ಎಂದ ಶ್ರೀಪಾದ.